ಕಲಬೆರಕೆಯನ್ನು ಸಹಿಸುವ ಲೋಹ

ಹಾಲಿಗೆ ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ಚಿನ್ನಕ್ಕೆ ತಾಮ್ರ ಬೆರೆತರೆ ಬಣ್ಣ ಕುಂದುತ್ತದೆ. ಶುದ್ಧಿ ಕೆಟ್ಟರೆ ಗುಣವೂ ಕೆಡುವುದೆಂಬ ಲೋಕದ ಈ ನಂಬಿಕೆಗೆ ಅತಿವಾಹಕಗಳಲ್ಲಿ ಒಂದು ವಿಲಕ್ಷಣ ಅಪವಾದವುಂಟು.

೧೯೧೧ರಲ್ಲಿ ಹಾಲೆಂಡಿನ ಲೈಡನ್ ನಗರದ ತಮ್ಮ ಪ್ರಯೋಗಶಾಲೆಯಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರು ಪಾದರಸವನ್ನು ದ್ರವ ಹೀಲಿಯಮ್ಮಿನಿಂದ ತಣಿಸಿದಾಗ, ಸುಮಾರು ೪.೨ ಕೆಲ್ವಿನ್ ಉಷ್ಣತೆಯಲ್ಲಿ ಅದರ ವಿದ್ಯುತ್ ರೋಧ ಥಟ್ಟನೆ ಮಾಯವಾಯಿತು. ಅವರು ಪಾದರಸವನ್ನೇ ಆರಿಸಿದ್ದು, ಭಟ್ಟಿಯಿಳಿಸಿ ಅದನ್ನು ಅತ್ಯಂತ ಶುದ್ಧಗೊಳಿಸಬಹುದೆಂದು. ಆದರೆ ಅನ್ಯಲೋಹ ಬೆರೆತ ಪಾದರಸವೂ ಅದೇ ಗುಣವನ್ನು ತೋರಿತು! ಈ ಒಗಟು ಬಿಡಿಸಿಕೊಳ್ಳಲು ಅರ್ಧ ಶತಮಾನವೇ ಬೇಕಾಯಿತು.

ಲೋಹದೊಳಗೆ ಹರಿಯುವ ಎಲೆಕ್ಟ್ರಾನಿಗೆ ಅಡ್ಡಿಗಳು ಮುಖ್ಯವಾಗಿ ಎರಡು: ಪರಮಾಣುಜಾಲದ ಕಂಪನ ಮತ್ತು ನಡುವೆ ಸೇರಿಕೊಂಡ ಅನ್ಯ ಪರಮಾಣು. ಕಂಪನದ ಕಣರೂಪಕ್ಕೆ ಫೋನಾನ್ ಎಂದು ಹೆಸರು. ಭಾರವಾದ ಐಸೋಟೋಪುಗಳಿಂದಾದ ಪಾದರಸ ಇನ್ನೂ ತುಸು ತಣ್ಣಗಾದ ಹೊರತು ಅತಿವಾಹಕವಾಗದೆಂದು ೧೯೫೦ರಲ್ಲಿ ತಿಳಿದುಬಂದಿತು. ಪರಮಾಣುವಿನ ತೂಕಕ್ಕೆ ಇಲ್ಲಿ ಬೆಲೆಯಿದೆಯೆಂದರೆ, ಅದರ ಕಂಪನಕ್ಕೂ ಇದರಲ್ಲಿ ಪಾಲಿರಲೇಬೇಕಲ್ಲವೆ? ೧೯೫೭ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ಇದಕ್ಕೆ ಪೂರ್ಣ ಸಿದ್ಧಾಂತವನ್ನು ಕೊಟ್ಟರು. ಸಾಗುವ ಎಲೆಕ್ಟ್ರಾನು ಧನ ಅಯಾನುಗಳನ್ನು ತನ್ನತ್ತ ತುಸು ಸೆಳೆಯುತ್ತದೆ. ಭಾರಿಯಾದ ಅಯಾನುಗಳು ಸ್ವಸ್ಥಾನಕ್ಕೆ ಮರಳುವುದು ನಿಧಾನ; ಅಷ್ಟರಲ್ಲಿ ಮತ್ತೊಂದು ಎಲೆಕ್ಟ್ರಾನು ಆ ಧನ ಆವೇಶದ ಸೆಳೆತಕ್ಕೆ ಸಿಕ್ಕಿ ಮೊದಲನೆಯದರ ಜೊತೆಗೂಡುತ್ತದೆ. ದಾರಿಗೆ ಅಡ್ಡ ನಿಲ್ಲುತ್ತಿದ್ದವನೇ ಮದುವೆಯ ಮಾತುಕತೆಗೆ ನಿಂತಂತೆ! ಉತ್ತಮ ವಾಹಕಗಳಾದ ತಾಮ್ರ, ಬೆಳ್ಳಿಗಳಲ್ಲಿ ಈ ನಂಟು ದುರ್ಬಲ, ಅವು ಅತಿವಾಹಕಗಳಾಗವು. ಸಾಧಾರಣ ವಾಹಕವಾದ ಸೀಸವಾದರೋ ೭.೨ ಕೆಲ್ವಿನ್‌ನಲ್ಲೇ ಆಗುತ್ತದೆ.

ಇನ್ನು ಕಲಬೆರಕೆಯ ಮಾತು. ಅನ್ಯ ಪರಮಾಣುಗಳಿಗೆ ತಾಗಿ ದಿಕ್ಕುಗೆಡುವ ಎಲೆಕ್ಟ್ರಾನುಗಳ ಜೋಡಿ ಒಡೆಯಬೇಡವೆ? ೧೯೫೯ರಲ್ಲಿ ಫಿಲಿಪ್ ಆಂಡರ್ಸನ್ ಕೊಟ್ಟ ಉತ್ತರ ನನಗೆ ಈ ಶಾಸ್ತ್ರದ ಅತ್ಯಂತ ಸುಂದರವಾದ ತರ್ಕವಾಗಿ ತೋರುತ್ತದೆ. ಪಥ ಎಷ್ಟೇ ವಕ್ರವಾಗಿರಲಿ, ಕಾಲವನ್ನು ಹಿಂದಕ್ಕೆ ತಿರುಗಿಸಿದಂತೆ ಅದೇ ಪಥದಲ್ಲಿ ವಿಪರೀತವಾಗಿ ನಡೆಯುವ ಜೊತೆಗಾರನೊಬ್ಬನಿರುತ್ತಾನೆ. ಇಬ್ಬರ ಶಕ್ತಿಯೂ ಸಮ. ಆ ಇಬ್ಬರೇ ಜೋಡಿಯಾಗುತ್ತಾರೆ.

ಆದರೆ ಸೇರಿದ ಪರಮಾಣು ತಾನೇ ಪುಟ್ಟ ಅಯಸ್ಕಾಂತವಾಗಿದ್ದರೆ ಕಥೆ ಬೇರೆ. ಅದು ಜೋಡಿಯ ಇಬ್ಬರನ್ನೂ ಒಂದೇ ಬಗೆಯಾಗಿ ಕಾಣದು. ಲ್ಯಾಂಥನಮ್ಮಿಗೆ ನೂರಕ್ಕೆ ಒಂದರಷ್ಟು ಗಡೋಲಿನಿಯಮ್ ಬೆರೆತರೆ ಅತಿವಾಹಕತೆ ಅಳಿಯುತ್ತದೆ. ಅಬ್ರಿಕೊಸೊವ್ ಮತ್ತು ಗೊರ್ಕೊವ್ ೧೯೬೦ರಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು.

ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಸುರುಳಿಗಳು ನಯೋಬಿಯಮ್ ಮತ್ತು ಟೈಟೇನಿಯಮ್‌ಗಳ ಮಿಶ್ರಲೋಹದವು. ಬೆರಕೆಯಿಂದಲೇ ಅವಕ್ಕೆ ಪ್ರಬಲ ಕಾಂತಕ್ಷೇತ್ರವನ್ನು ತಾಳುವ ಶಕ್ತಿ. ೧೯೮೬ರಲ್ಲಿ ಬೆಳಕಿಗೆ ಬಂದ ತಾಮ್ರದ ಆಕ್ಸೈಡುಗಳ ಸ್ವಭಾವ ಇದಕ್ಕೆ ವಿರುದ್ಧ. ಅಯಸ್ಕಾಂತಗುಣವಿಲ್ಲದ ಸತುವನ್ನು ಸ್ವಲ್ಪ ಬೆರೆಸಿದರೂ ಅವುಗಳ ಅತಿವಾಹಕತೆ ಕುಗ್ಗುತ್ತದೆ. ಅಲ್ಲಿ ಜೋಡಿಯ ಅಲೆಗೆ ಒಂದು ದಿಕ್ಕಿನಲ್ಲಿ ಧನಚಿಹ್ನೆ, ಇನ್ನೊಂದರಲ್ಲಿ ಋಣಚಿಹ್ನೆ. ದಿಕ್ಕು ತಪ್ಪಿಸುವ ಒಂದೊಂದು ಘಾತವೂ ಎರಡನ್ನೂ ಬೆರೆಸಿ ಅಳಿಸುತ್ತ ಹೋಗುತ್ತದೆ. ಆ ಜೋಡಿಗಳನ್ನು ಕೂಡಿಸುವ ಬಂಧ ಯಾವುದೆಂಬ ವಿವಾದ ಇನ್ನೂ ತೀರಿಲ್ಲ.