ಕಾರವಾರದ ‘ಚಪಲ್’ ನೌಕೆಯೂ ಅಂಚೆಟ್ಟಿಯ ಹರಿಗೋಲೂ

ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿ ಎಂದರೆ ಬೆಟ್ಟ, ಕಾಡು, ರಾಗಿ ಹೊಲ. ಹೊಸೂರಿನಿಂದ ದೇಂಕಣಿಕೋಟೆ ದಾಟಿ ಕಾಡಿನ ದಾರಿಯಲ್ಲಿ ಸಾಗಿದರೆ ಸಿಗುವ ಆ ಊರು ಸಮುದ್ರದಿಂದ ಬಹುದೂರ. ಕಾಸರಗೋಡಿನ ನಮಗೋ ಅಂಗಳದಾಚೆಗೇ ಅಲೆಯ ಸದ್ದು. ಆದರೂ ನಮಗೂ ಅಂಚೆಟ್ಟಿಯ ಕನ್ನಡಿಗರಿಗೂ ಒಂದು ಸಮಾನ ಸಂಗತಿಯಿದೆ. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಗಡಿಯಾಚೆ ಉಳಿದವರು ನಾವಿಬ್ಬರೂ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಬದುಕು ಇಬ್ಬರದೂ.

ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆ ಅಲ್ಲಿಯ ಮನೆಗಳಲ್ಲೂ ಏಳುತ್ತದೆ, ಇಲ್ಲಿಯ ಮನೆಗಳಲ್ಲೂ ಏಳುತ್ತದೆ. ಕಡಲಿನ ಚರಿತ್ರೆಯನ್ನು ಕನ್ನಡದ ನೆಲದಲ್ಲಿಯೇ ಕಾಣಬೇಕೆನ್ನುವವರಿಗೆ ಕಾರವಾರ ತಕ್ಕ ಸ್ಥಳ. ಅಂಚೆಟ್ಟಿಯವರು ಹೊಸೂರಿನ ಮೂಲಕ ಬೆಂಗಳೂರು ಸೇರಿದರೆ ಅಲ್ಲಿಂದ ರಾತ್ರಿ ರೈಲು ಇದೆ. ನಮಗಂತೂ ಕೊಂಕಣ ರೈಲು ಹತ್ತಿದರಾಯಿತು. ಕಾಸರಗೋಡಿನಲ್ಲಿ ನಿಲ್ಲುವ ನೇತ್ರಾವತಿ ಎಕ್ಸ್‌ಪ್ರೆಸ್ ಕಾರವಾರದಲ್ಲಿಯೂ ನಿಲ್ಲುತ್ತದೆ.

ದಂಡೆಗೇರಿದ ಕಣಜದ ಹುಳು

ಕಾರವಾರದ ರವೀಂದ್ರನಾಥ ಠಾಗೋರ್ ಕಡಲ ತೀರದಲ್ಲಿ, ಹೆದ್ದಾರಿಯ ಬದಿಯಲ್ಲೇ, ಬೂದು ಬಣ್ಣದ ಯುದ್ಧನೌಕೆಯೊಂದು ನೆಲದ ಮೇಲೆ ನಿಂತಿದೆ. ಅದೇ ‘ಐಎನ್‌ಎಸ್ ಚಪಲ್’. ‘ಚಾಪೆಲ್’ ಎಂದು ಬರೆಯುವುದೂ ಉಂಟು. ನಾವು ನಾಲಿಗೆಯ ಚಪಲವೆನ್ನುವ ಅರ್ಥ ಇಲ್ಲಿಲ್ಲ. ಚುರುಕು, ವೇಗ ಎಂಬ ಸಂಸ್ಕೃತದ ಅರ್ಥದಲ್ಲಿ ಇಟ್ಟ ಹೆಸರದು.

ಸೋವಿಯೆತ್ ದೇಶದಲ್ಲಿ ನಿರ್ಮಾಣವಾದ ಈ ಕ್ಷಿಪಣಿ ದೋಣಿ 1976ರಲ್ಲಿ ನಮ್ಮ ನೌಕಾದಳಕ್ಕೆ ಸೇರಿತು. 2005ರಲ್ಲಿ ನಿವೃತ್ತಿಯಾಯಿತು. 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಉದ್ದ 40 ಮೀಟರಿಗೂ ಸ್ವಲ್ಪ ಕಡಿಮೆ. ಓಟ ಮಾತ್ರ ಗಂಟೆಗೆ 65 ಕಿಲೋಮೀಟರಿಗೂ ಮಿಗಿಲು. ರಷ್ಯನರು ಈ ಜಾತಿಯ ದೋಣಿಗೆ ‘ಓಸಾ’, ಅಂದರೆ ಕಣಜದ ಹುಳು, ಎಂದು ಹೆಸರಿಟ್ಟರು. ಮೈ ಚಿಕ್ಕದು, ಕೊಂಡಿ ದೊಡ್ಡದು. ಎರಡು ಪಕ್ಕಗಳಲ್ಲೂ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡುಗಳು. ಹಿಂದೆ ಮುಂದೆ ಜೋಡಿ ನಳಿಗೆಯ ತೋಪುಗಳು. ಇಕ್ಕಟ್ಟಾದ ಏಣಿ ಇಳಿದು ಒಳಗೆ ಹೋದರೆ ಮೂವತ್ತರಷ್ಟು ಮಂದಿ ಇಷ್ಟೇ ಜಾಗದಲ್ಲಿ ಉಂಡು ಮಲಗಿ ಕಾವಲು ಕಾಯುತ್ತಿದ್ದರೆಂಬುದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1971ರ ಯುದ್ಧದಲ್ಲಿ ಕರಾಚಿಗೆ ಹೋದದ್ದು ಇದೇ ನೌಕೆಯೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಆಗ ‘ಚಪಲ್’ ನಮ್ಮ ನೌಕಾದಳದಲ್ಲಿ ಇರಲೇ ಇಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದ ಕ್ಷಿಪಣಿ ದೋಣಿಗಳು ‘ನಿಪಾತ್’, ‘ನಿರ್ಘಾತ್’ ಮತ್ತು ‘ವೀರ್’. ಇದೇ ಕುಲದ ಹಿರಿಯಣ್ಣಂದಿರು ಎನ್ನಬಹುದು. ಬಂದರು ಕಾಯಲೆಂದು ಮಾಡಿದ ಈ ಪುಟ್ಟ ದೋಣಿಗಳನ್ನು ದೊಡ್ಡ ಹಡಗುಗಳ ಸಂಗಡ ದೂರಕ್ಕೆ ಒಯ್ದು ದಾಳಿಗೆ ಬಳಸಿದ್ದೇ ಆ ಯೋಜನೆಯ ಜಾಣ್ಮೆ. ಡಿಸೆಂಬರ್ 4 ನೌಕಾದಳದ ದಿನವಾದುದು ಅದರಿಂದಲೇ.

ನೌಕೆಯ ಬಳಿಗೆ ಈಚಿನ ವರ್ಷಗಳಲ್ಲಿ ‘ಟುಪೊಲೆವ್ 142’ ಎಂಬ ಭಾರೀ ಕಾವಲು ವಿಮಾನವೊಂದನ್ನೂ ತಂದಿರಿಸಿದ್ದಾರೆ. ಅಂಚೆಟ್ಟಿಯವರಿಗೆ ಇದು ಹತ್ತಿರದ ನಂಟು: ಈ ಜಾತಿಯ ವಿಮಾನಗಳು 2017ರಲ್ಲಿ ನಿವೃತ್ತವಾದದ್ದು ತಮಿಳುನಾಡಿನ ಅರಕ್ಕೋಣದ ನೌಕಾ ವಾಯುನೆಲೆಯಿಂದ.

ನೌಕೆಯಲ್ಲಿ ಕಾಣದ ಚರಿತ್ರೆ

ಇಷ್ಟನ್ನು ನೋಡಿ ಮರಳಿದರೆ ಕಡಲೆಂದರೆ ಯುದ್ಧ ಎಂಬ ಎಣಿಕೆ ಮಕ್ಕಳಲ್ಲಿ ಉಳಿದೀತು. ಅದಕ್ಕೆ ಮೊದಲಿನ ಸಾವಿರ ವರ್ಷದ ಕಥೆಯನ್ನು ಹೇಳಬೇಕಾದವರು ಜತೆಗೆ ಹೋದ ಹಿರಿಯರು.

ಕಾರವಾರದಲ್ಲಿ ಇಂಗ್ಲಿಷರು 1638ರಲ್ಲೇ ವ್ಯಾಪಾರದ ಕೋಠಿ ತೆರೆದರು. ಅವರನ್ನು ಸೆಳೆದದ್ದು ಮುಖ್ಯವಾಗಿ ಘಟ್ಟದಿಂದ ಇಳಿದು ಬರುವ ಕರಿಮೆಣಸು. ಅದೇ ಮೆಣಸಿನ ಬಲದಿಂದ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರು ನಿಂತಳು. ಅವರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಅರಬ್ಬೀ ಕುದುರೆಗಳು ಘಟ್ಟ ಹತ್ತಿ ವಿಜಯನಗರ ಸೇರಿದವು. ಹೊನ್ನಾವರಕ್ಕೆ 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಬಂದರು ಸರಕನ್ನಷ್ಟೇ ಅಲ್ಲ, ವಿದ್ಯೆಯನ್ನೂ ತರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಕುಂಬಳೆಯೂ ಈ ಸಾಲಿನದೇ. 1514ರ ಸುಮಾರಿಗೆ ಬಾರ್ಬೋಸಾ ಎಂಬ ಪೋರ್ಚುಗೀಸನು ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತದೆ, ಅಲ್ಲಿಂದ ತೆಂಗಿನ ನಾರು ಬರುತ್ತದೆ ಎಂದು ದಾಖಲಿಸಿದ. ಇಂದು ಕುಂಬಳೆಯ ಹೊಳೆಬಾಯಿಯಲ್ಲಿ ನಿಂತ ಹುಡುಗನಿಗೆ ಇದನ್ನು ಹೇಳುವವರು ಎಷ್ಟು ಮಂದಿ?

ಹಾಗಾದರೆ ಅಂಚೆಟ್ಟಿಯ ಮಗುವಿಗೆ ಈ ಚರಿತ್ರೆಯಲ್ಲಿ ಪಾಲಿಲ್ಲವೇ? ಖಂಡಿತ ಇದೆ. ಅಂಚೆಟ್ಟಿ ಕಡೆಯಲ್ಲೇ ಕಾವೇರಿ ತಮಿಳುನಾಡನ್ನು ಹೊಗುತ್ತದೆ. ಎರಡು ರಾಜ್ಯಗಳ ನೀರಿನ ಲೆಕ್ಕ ನಡೆಯುವ ಬಿಳಿಗುಂಡ್ಲು ಇರುವುದು ಆ ಭಾಗದಲ್ಲೇ. ಅದರ ಕೆಳಗೆ ಹೊಗೆನಕಲ್. ಬಿಳಿ ಗುಂಡು, ಹೊಗೆಯ ಕಲ್ಲು: ಹೆಸರುಗಳೇ ಕನ್ನಡವನ್ನು ನುಡಿಯುತ್ತವೆ. ಅಲ್ಲಿಯ ಮಡುವಿನಲ್ಲಿ ಇಂದಿಗೂ ಸುತ್ತುವ ಬಿದಿರಿನ ಹರಿಗೋಲು ನಮ್ಮ ಯಾವ ಹಡಗಿಗಿಂತಲೂ ಹಳೆಯದಾದ ವಿದ್ಯೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪಾಯಸ್ ಎಂಬಾತ, ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ವರ್ಣಿಸಿದ್ದಾನೆ. ಬೇಕಾದರೆ ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಅಡಿ ಚಪ್ಪಟೆಯಾದುದರಿಂದ ತೆಳು ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಾಗಿ ತಿರುಗುತ್ತದೆ. ‘ಚಪಲ್’ನ ಚೂಪು ಮೂತಿಯ ಎದುರು ನಿಂತ ಅಂಚೆಟ್ಟಿಯ ಹುಡುಗಿಗೆ, “ನಿಮ್ಮ ಹೊಳೆಯ ಹರಿಗೋಲು ದುಂಡಗಿರುವುದೇಕೆ, ಇದು ಚೂಪಾಗಿರುವುದೇಕೆ, ನೀನೇ ಹೇಳಮ್ಮ” ಎಂದು ಕೇಳಿದರೆ, ಆ ಪ್ರಶ್ನೆಗೆ ಕರಾವಳಿಯ ಮಕ್ಕಳಿಗಿಂತ ಅವಳೇ ಮೊದಲು ಉತ್ತರ ಕೊಟ್ಟಾಳು.

ಬಿಟ್ಟುಕೊಟ್ಟವರ ನೆನಪು

ನಗರದ ದಕ್ಷಿಣಕ್ಕೆ ನೌಕಾನೆಲೆಯಿದೆ. 1986ರಲ್ಲಿ ‘ಸೀಬರ್ಡ್’ ಯೋಜನೆಯ ಅಡಿಗಲ್ಲು ಬಿತ್ತು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಅದರ ಹೆಸರು ‘ಐಎನ್‌ಎಸ್ ಕದಂಬ’. ಬನವಾಸಿಯ ಕದಂಬರ ಹೆಸರು ಭಾರತದ ನೌಕಾನೆಲೆಗೆ ಬಂದಿರುವುದು ಹೆಮ್ಮೆಯ ಸಂಗತಿ. ಆದರೆ ಈ ನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಮೀನುಗಾರ, ರೈತ ಕುಟುಂಬಗಳು ಮನೆ, ಗದ್ದೆ, ಬಲೆ ಹರಡುವ ದಂಡೆಗಳನ್ನು ಬಿಟ್ಟು ಹೋದುವೆಂಬುದನ್ನೂ ಮಕ್ಕಳು ತಿಳಿಯಬೇಕು. ಕಡಲ ಕಾವಲಿಗೆ ಬೆಲೆ ತೆತ್ತವರು ಸೈನಿಕರು ಮಾತ್ರ ಅಲ್ಲ.

ಮನೆಯವರ ಪಾಲಿನ ಕೆಲಸ

ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಕೇರಳ 2017ರಲ್ಲಿ ಮಲಯಾಳ ಕಲಿಕೆಗೆ ಕಾನೂನು ಮಾಡಿತು. ನೆಲದ ಭಾಷೆಯನ್ನು ಕಲಿಯುವುದು ಒಳ್ಳೆಯದೇ, ಬೇಕಾದದ್ದೇ. ಆದರೆ ಕನ್ನಡದಲ್ಲಿ ಕೇಳಲು ಕಥೆಯಿಲ್ಲ, ತಿಳಿಯಲು ವಿಷಯವಿಲ್ಲ ಎಂದು ಮಕ್ಕಳಿಗೆ ಅನಿಸಿದ ದಿನ, ಯಾವ ಕಾನೂನೂ ಇಲ್ಲದೆ ಕನ್ನಡ ತಾನಾಗಿಯೇ ಮನೆಯಿಂದ ಹೊರನಡೆಯುತ್ತದೆ. ಹಕ್ಕಿಗಾಗಿ ಮನವಿ ಬರೆಯುವಷ್ಟೇ ಮುಖ್ಯವಾದ ಕೆಲಸ ಇದು: ಮೆಣಸು, ಕುದುರೆ, ಅಕ್ಕಿ, ನಾರು, ಹರಿಗೋಲುಗಳ ಮಾತನ್ನು ಮಕ್ಕಳಿಗೆ ಅವರ ಮಾತಿನಲ್ಲೇ ದಾಟಿಸುವುದು.

ಇಲ್ಲಿಯ ಕನ್ನಡ ಸಂಘಗಳಿಗೂ ಶಾಲೆಗಳಿಗೂ ಒಂದು ಸಲಹೆ. ಮಳೆ ಕಳೆದ ಬಳಿಕ, ಸಾಧ್ಯವಾದರೆ ಡಿಸೆಂಬರ್ ಮೊದಲ ವಾರದಲ್ಲಿ, ಕಾಸರಗೋಡಿನ ಇಪ್ಪತ್ತು ಮಕ್ಕಳೂ ಅಂಚೆಟ್ಟಿ ಕಡೆಯ ಇಪ್ಪತ್ತು ಮಕ್ಕಳೂ ಕಾರವಾರದಲ್ಲಿ ಕೂಡುವಂತೆ ಪ್ರವಾಸ ಏರ್ಪಡಿಸಬಾರದೇಕೆ? ಸಂಗ್ರಹಾಲಯ ತೆರೆದಿರುವ ದಿನ, ಸಮಯಗಳನ್ನು ಮೊದಲೇ ವಿಚಾರಿಸಿಕೊಂಡರೆ ಒಂದು ಹಗಲು ಧಾರಾಳ ಸಾಕು. ಬೆಳಿಗ್ಗೆ ನೌಕೆ, ಮಧ್ಯಾಹ್ನ ಕಾಳಿ ನದಿಯ ಅಳಿವೆ, ಸಂಜೆ ಬೈತಖೋಲ್ ಬಂದರಿನ ಮೀನು ದೋಣಿಗಳು. ಕಡಲಿನವರು ಕಡಲಿನ ಮಾತು ಹೇಳಲಿ, ಕಾಡಿನವರು ಹೊಳೆಯ ಮಾತು ಹೇಳಲಿ. ನಮ್ಮ ಕನ್ನಡಕ್ಕೂ ಅವರ ಕನ್ನಡಕ್ಕೂ ಇರುವ ರಾಗಭೇದಕ್ಕೆ ಮಕ್ಕಳು ಮೊದಲ ಗಳಿಗೆಯಲ್ಲಿ ನಕ್ಕಾರು. ಮರುಗಳಿಗೆ ಕೈಹಿಡಿದು ದಂಡೆಗೆ ಓಡಿಯಾರು.