ರೌಟರ್ ಕೊಳ್ಳುವ ಮುನ್ನ

ಕಳೆದ ತಿಂಗಳು ತರುಣರೊಬ್ಬರು ನಮ್ಮ ಕಚೇರಿಗೆ ಬಂದರು. ಕ್ಯಾಂಪಿನ ಹೋಟೆಲೊಂದರಲ್ಲಿ ಸಪ್ಲೈಯರ್. ಮನೆತನ ಕುಂದಾಪುರದ ಕಡೆಯ ಮರಗೆಲಸದವರದು. “ಅಣ್ಣಾ, 30 ಸಾವಿರ ರೂಪಾಯಿ ಕೂಡಿಸಿಟ್ಟಿದ್ದೇನೆ. ದೊಡ್ಡದೊಂದು ರೌಟರ್ ಕೊಂಡು ಈ ಕೆಲಸ ಬಿಟ್ಟುಬಿಡಲೇ?” ಎಂದು ಕೇಳಿದರು. ಅವರಿಗೆ ಹೇಳಿದ ಮಾತನ್ನೇ ಇಲ್ಲಿ ವಾಚಕರೆಲ್ಲರ ಮುಂದಿಡುತ್ತಿದ್ದೇವೆ.

ರೌಟರ್ ಎಂದೊಡನೆ ನಮ್ಮ ಗುಮಾಸ್ತ ಬಂಧುಗಳಿಗೆ ಇಂಟರ್ನೆಟ್ಟಿನ ಪೆಟ್ಟಿಗೆ ನೆನಪಾದೀತು. ಇದು ಅದಲ್ಲ. ಮರದ ಅಂಚನ್ನು ದುಂಡಗಾಗಿಸುವ, ಹಲಗೆಯಲ್ಲಿ ತೋಡು ತೆಗೆಯುವ, ಸನ್‌ಮೈಕಾದ ಹೆಚ್ಚುವರಿ ಅಂಚನ್ನು ಸವರುವ ವಿದ್ಯುತ್ ಯಂತ್ರವಿದು. ನಮ್ಮ ಹಿರಿಯರು ಉಳಿ, ಕೀಸುಳಿಗಳಿಂದ ಅರ್ಧ ದಿನ ಮಾಡುತ್ತಿದ್ದ ಕೆಲಸವನ್ನು ಇದು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ.

ಈ ವಿಷಯದಲ್ಲಿ ನಾವೂ ಒಮ್ಮೆ ಮೋಸಹೋದವರೇ. ಹೋಟೆಲು ನಡೆಸುತ್ತಿದ್ದಾಗ ಮೇಜುಗಳಿಗೆ ಹೊಸ ಸನ್‌ಮೈಕಾ ಹಚ್ಚಿಸಬೇಕಾಯಿತು. ದೊಡ್ಡದಾದರೆ ಒಳ್ಳೆಯದೆಂದು ಭಾರಿ ಯಂತ್ರವನ್ನೇ ತಂದೆವು. ಅದು ತೆಳ್ಳಗಿನ ಅಂಚಿನ ಮೇಲೆ ವಾಲಿ, ಮೊದಲನೆಯ ಮೇಜಿನಲ್ಲಿಯೇ ಹಳ್ಳ ಕೊರೆಯಿತು. ಕೊನೆಗೆ ಆಚಾರಿಯೊಬ್ಬರು ಒಂದೇ ಕೈಯಲ್ಲಿ ಹಿಡಿಯುವ ಟ್ರಿಮ್ಮರಿನಿಂದ ಉಳಿದ ಮೇಜುಗಳನ್ನೆಲ್ಲ ಮುಗಿಸಿಕೊಟ್ಟರು. ಯಂತ್ರದ ಗಾತ್ರವನ್ನು ಕೆಲಸ ನಿರ್ಧರಿಸಬೇಕೇ ಹೊರತು ಆಸೆಯಲ್ಲವೆಂಬುದನ್ನು ಅಂದು ಕಲಿತೆವು.

ಸುಮಾರು 500ರಿಂದ 700 ವ್ಯಾಟಿನ ಟ್ರಿಮ್ಮರು ಅಂಚಿನ ಕೆಲಸಕ್ಕೂ ಸಣ್ಣ ತೋಡುಗಳಿಗೂ ಸಾಕು. ಮನೆಯ ಕಪಾಟು, ದೇವರ ಮಂಟಪ ಮಾಡಿಕೊಳ್ಳುವವರಿಗೆ ಇದೇ ಯೋಗ್ಯ. ಬಾಗಿಲು ಚೌಕಟ್ಟು, ದಪ್ಪ ತೇಗದ ಹಲಗೆಗಳಲ್ಲಿ ದಿನವಿಡೀ ದುಡಿಯುವವರಿಗೆ ಮಾತ್ರ 1600 ವ್ಯಾಟಿಗೆ ಮೇಲ್ಪಟ್ಟ, ಮೇಲಿನಿಂದ ಒತ್ತಿ ಕೆಳಗಿಳಿಸುವ ಪ್ಲಂಜ್ ರೌಟರ್ ಬೇಕು. 2000 ವ್ಯಾಟಿನ ಯಂತ್ರವು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಬಾಡಿಗೆ ಕೋಣೆಯ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. 16 ಆಂಪಿಯರಿನದೇ ಬೇಕು.

ಕೊಳ್ಳುವಾಗ ಕಾಲೆಟ್ಟನ್ನು, ಅಂದರೆ ಬಿಟ್ಟಿನ ದಂಡವನ್ನು ಕಚ್ಚಿ ಹಿಡಿಯುವ ಭಾಗವನ್ನು, ಮೊದಲು ನೋಡಿರಿ. 6 ಮಿಲಿಮೀಟರಿನದೂ ಕಾಲಿಂಚಿನದೂ ಕಣ್ಣಿಗೆ ಒಂದೇ ಎಂಬಂತೆ ತೋರುತ್ತವೆ; ಆದರೆ ಕಾಲಿಂಚೆಂದರೆ 6.35 ಮಿಲಿಮೀಟರು. ಕಾಲಿಂಚಿನ ಕಾಲೆಟ್ಟಿಗೆ 6 ಮಿಲಿಮೀಟರಿನ ಬಿಟ್ಟು ಹಾಕಿದರೆ ಹಿಡಿತ ಸಡಿಲವಾಗಿ, ತಿರುಗುತ್ತಿರುವಾಗಲೇ ಬಿಟ್ಟು ಜಾರೀತು. ಪ್ಲೈವುಡ್ಡಿನ ಅಂಟು ಸಾಮಾನ್ಯ ಉಕ್ಕಿನ ಬಿಟ್ಟನ್ನು ಬೇಗ ಮೊಂಡುಮಾಡುವುದರಿಂದ ಕಾರ್ಬೈಡ್ ತುದಿಯದನ್ನೇ ಕೊಳ್ಳುವುದು ಉತ್ತಮ. ವೇಗ ಬದಲಿಸುವ ಗುಂಡಿಯಿದ್ದರೆ ಮತ್ತೂ ಒಳಿತು. ಬಿಟ್ಟು ಅಗಲವಾದಷ್ಟೂ ವೇಗ ತಗ್ಗಿಸಬೇಕು.

ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಹತಾರಗಳ ಅಂಗಡಿಗಳು ಸಾಲಾಗಿವೆ. ನಾಲ್ಕು ಕಡೆ ವಿಚಾರಿಸಿ, ಅಂಗಡಿಯಲ್ಲಿಯೇ ಯಂತ್ರವನ್ನು ನಡೆಸಿ ನೋಡಿರಿ. ಕಾರ್ಬನ್ ಬ್ರಷ್ಷು, ಕಾಲೆಟ್ಟುಗಳು ಬಿಡಿಯಾಗಿ ದೊರೆಯುವವೇ ಎಂದು ಕೇಳಿರಿ. ರಸೀದಿಯಿಲ್ಲದೆ ಹಣ ಕೊಡಬೇಡಿರಿ.

ಬಿಟ್ಟು ಬದಲಿಸುವ ಮುನ್ನ ಪ್ಲಗ್ಗು ಕೀಳಲೇಬೇಕು. ಹಲಗೆಯ ಹೊರ ಅಂಚಿನಲ್ಲಿ ಯಂತ್ರವನ್ನು ಎಡಸುತ್ತಾಗಿ ನಡೆಸಬೇಕು. ತಿರುಗುಮುರುಗಾದರೆ ಅದು ಕೈಯಿಂದ ಕಿತ್ತುಕೊಂಡು ಓಡುತ್ತದೆ. ಆಳವಾದ ತೋಡನ್ನು ಒಂದೇ ಸಲಕ್ಕೆ ಕೊರೆಯದೆ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲಿ. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಷ್ಟು ಹಿಂದೆಯೇ ಹೇಳಿದೆ. ನಾಲ್ವರು ಮಲಗುವ ಕೋಣೆಯಲ್ಲಿ ಈ ಕೆಲಸ ಸಲ್ಲದು.

ಆ ತರುಣರಿಗೆ ನಾವು ಹೇಳಿದ್ದು ಇಷ್ಟೆ: “ತಮ್ಮಾ, ಈಗ ಟ್ರಿಮ್ಮರೊಂದು, ಬಿಟ್ಟುಗಳು ನಾಲ್ಕೈದು ಸಾಕು. ಉಳಿದ ಹಣ ಬ್ಯಾಂಕಿನಲ್ಲಿರಲಿ. ವಾರದ ರಜೆಯ ದಿನ ಪರಿಚಿತರ ಕೆಲಸ ಹಿಡಿ. ರಜೆಯ ದಿನ ಸಾಲದಷ್ಟು ಕೆಲಸ ತಾನಾಗಿ ಬಂದಾಗ ದೊಡ್ಡ ಯಂತ್ರದ ಮಾತಾಡೋಣ. ಹೋಟೆಲು ಬಿಡುವ ಮಾತೂ ಆಗಲೇ.”

ಅವರ ಮುಖ ಸ್ವಲ್ಪ ಬಾಡಿತು. ಆದರೂ ಏಳುವಾಗ, ಬೋಹರಿ ಆಳಿಗೆ ಜೊತೆಯಲ್ಲಿ ಬರುವಿರಾ ಎಂದು ಕೇಳಿದರು. ಬರುವೆವೆಂದು ಮಾತು ಕೊಟ್ಟಿದ್ದೇವೆ.