ಬೆಟ್ಟದ ಏರಿನಲ್ಲಿ ಹೃದಯದ ಲೆಕ್ಕ

ಶಿರಾದ ಬಯಲುಹಾದಿಯಲ್ಲಿ ಆರಾಮವಾಗಿ ನಡೆಯುವವನ ಎದೆಯೂ ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಕೊರಟಗೆರೆಯ ಸಿದ್ಧರಬೆಟ್ಟವನ್ನೋ ಪಾವಗಡದ ಕೋಟೆಬೆಟ್ಟವನ್ನೋ ಏರುವಾಗ ಡವಡವನೆ ಬಡಿಯತೊಡಗುತ್ತದೆ. ಇದಕ್ಕೆ ಕಾರಣವೇನು?

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ಮಿನಿಟಿಗೆ ಸಾಮಾನ್ಯವಾಗಿ 60ರಿಂದ 100 ಬಾರಿ ಮಿಡಿಯುತ್ತದೆ. ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ, 72 ಮಿಡಿತಗಳಲ್ಲಿ ಅದು ಹೊರದೂಡುವ ರಕ್ತ ಸುಮಾರು 5 ಲೀಟರು. ಏರುವಾಗ ದೇಹದ ಭಾರವನ್ನು ಗುರುತ್ವಕ್ಕೆ ಎದುರಾಗಿ ಎತ್ತಬೇಕಾದುದರಿಂದ ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಬೇಡುತ್ತವೆ. ಆಗ ನರಗಳೂ ಅಡ್ರಿನಲಿನ್ ಎಂಬ ರಸವೂ ಹೃದಯವನ್ನು ತ್ವರೆಗೊಳಿಸುತ್ತವೆ. ಭಯ, ಜ್ವರಗಳಿಂದಲೂ ಬಡಿತ ಹೆಚ್ಚುವುದುಂಟು.

ಬೇಸಗೆಯ ನಡುಹಗಲಿನಲ್ಲಿ ಈ ಹೊರೆ ಇನ್ನೂ ಅಧಿಕ. ಶಾಖವನ್ನು ಹೊರಹಾಕಲು ಚರ್ಮಕ್ಕೂ ಹೆಚ್ಚು ರಕ್ತ ಹರಿಯಬೇಕು. ಬೆವರಿನಿಂದ ನೀರು ನಷ್ಟವಾಗಿ ರಕ್ತದ ಪ್ರಮಾಣ ಕುಗ್ಗಿದರೆ, ಪ್ರತಿ ಮಿಡಿತದ ಪಾಲು ಇಳಿಯುತ್ತದೆ. ಆ ಕೊರತೆಯನ್ನು ಬಡಿತದ ವೇಗವೇ ತುಂಬಬೇಕು. ಆದುದರಿಂದಲೇ ಬೆಟ್ಟದ ಏರಿಗೆ ಮುಂಜಾವು ಲೇಸು, ಜೊತೆಯಲ್ಲಿ ನೀರು ಅವಶ್ಯ.

ನಡುನಡುವೆ ಕುಳಿತು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳುಗಳನ್ನಿಟ್ಟು 30 ಸೆಕೆಂಡು ನಾಡಿಯನ್ನೆಣಿಸಿ, ಎರಡರಿಂದ ಗುಣಿಸಿರಿ. ವಿಶ್ರಮಿಸಿದರೂ ಬಡಿತ ಇಳಿಯದಿದ್ದರೆ, ತಲೆಸುತ್ತು ಅಥವಾ ಎದೆನೋವು ಕಂಡರೆ, ಏರುವುದನ್ನು ನಿಲ್ಲಿಸಿ ಕೂಡಲೇ ನೆರವನ್ನು ಪಡೆಯಿರಿ. ಶಿಖರವು ನಾಳೆಯೂ ಅಲ್ಲಿಯೇ ಇರುತ್ತದೆ.